ಹಸಿರು ಚುಕ್ಕೆಯವಕ್ಕೂ ಹದಿನೈದು

ಜೂನ್ ೩, ಸೋಮವಾರ

ಇಪ್ಪತ್ತಾರು ವರ್ಷ ಈ ಸಂಶೋಧನಾಲಯದ ಸ್ಟೋರ್‌ನಲ್ಲಿ ಗಾಜಿನ ನಳಿಗೆ, ಬಲ್ಬು, ಬೀಗ, ಕೈಗವಸು ಎಣಿಸಿಕೊಂಡು ಮರ್ಯಾದೆಯಾಗಿದ್ದೆ. ಇವತ್ತು ನನ್ನನ್ನು ಇಲಿಮನೆಗೆ ಹಾಕಿದರು. ಸ್ಟೋರ್ ಕೆಲಸಕ್ಕೆ ಕಂಪ್ಯೂಟರ್ ಬಂದಿದೆಯಂತೆ. ಇಲಿ ನೋಡಿಕೊಳ್ಳುವುದಕ್ಕೆ ಇನ್ನೂ ಬಂದಿಲ್ಲವಂತೆ. "ಎರಡು ತಿಂಗಳ ಮಟ್ಟಿಗೆ ಅಷ್ಟೇ" ಅಂದರು ಆಡಳಿತಾಧಿಕಾರಿ, ನನ್ನ ಮುಖ ನೋಡದೆ.

ಇಲಿ ಕಂಡರೆ ನನಗೆ ಆಗುವುದಿಲ್ಲ. ಭಯ ಅಂತಲ್ಲ. ಆಗುವುದಿಲ್ಲ, ಅಷ್ಟೆ. ಒಮ್ಮೆ ಸ್ಟೋರ್‌ಗೆ ಇಲಿ ನುಗ್ಗಿದಾಗ ನಾನು ಮೇಜಿನ ಮೇಲೆ ಹತ್ತಿದ್ದು ಮೇಲಿನ ಕಪಾಟು ಪರಿಶೀಲಿಸುವುದಕ್ಕೆ. ಜನ ಏನೇನೋ ಆಡಿಕೊಂಡರು.

ಈ ಡೈರಿ ಬರೆಯುತ್ತಿರುವುದು ಯಾಕೆಂದರೆ ಮನೆಯಲ್ಲಿ ಮಾತಾಡುವುದಕ್ಕೆ ಜನ ಕಡಿಮೆಯಾಗಿದ್ದಾರೆ. ಮಗಳು ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಬಸ್ ಡಿಪೋದಲ್ಲಿ ಟಿಕೆಟ್ ಕೌಂಟರಿನ ಕೆಲಸ ಅವಳದು. ನೆರಳು, ಫ್ಯಾನು, ಕುರ್ಚಿ, ಎಲ್ಲ ಇದೆ. ಸುಖವಾಗಿ ಇರಬಾರದೇ? ಎಂಟು ತಿಂಗಳಿಂದ ಭಾನುವಾರ ಭಾನುವಾರ ಬಸ್ಸು ಓಡಿಸುವುದನ್ನು ಕಲಿಯುತ್ತಿದ್ದಾಳಂತೆ. ಜುಲೈ ಹನ್ನೆರಡಕ್ಕೆ ಪರೀಕ್ಷೆಯಂತೆ. ಊಟಕ್ಕೆ ಕೂತಾಗ, "ಅಪ್ಪ, ಆವತ್ತು ನೀನು ಬರ್ಬೇಕು" ಅಂದಳು.

ನಾನು ಸಮಾಧಾನವಾಗಿಯೇ ಹೇಳಿದೆ: "ಬಸ್ಸು ಓಡ್ಸೋದು ಗಂಡಸಿನ ಮಿದುಳಿಗೆ ಅಂತಲೇ ಮಾಡಿದ ಕೆಲಸ ಕಣಮ್ಮ. ಅದೆಲ್ಲ ಹುಟ್ಟುವಾಗಲೇ ತೀರ್ಮಾನ ಆಗಿರುತ್ತೆ. ಸೈನ್ಸು."

"ಪುರಾವೆ ತಗೊಂಡು ಬಾ" ಅಂದಳು. "ತರೋವರೆಗೂ ನಿನ್ ಜೊತೆ ಮಾತಿಲ್ಲ."

ಅವತ್ತಿನಿಂದ ಅಡುಗೆಮನೆ ಬಾಗಿಲ ಪಕ್ಕ ಸಾಮಾನಿನ ಪಟ್ಟಿ ಬರೆಯುವ ಕರಿಹಲಗೆಯ ಮೇಲೆ ಬರೆದು ತಿಳಿಸುತ್ತಾಳೆ. ಇವತ್ತು ಬರೆದಿದ್ದು: "ಅಪ್ಪನ ಕನ್ನಡಕ ಫ್ರಿಜ್ಜಿನಲ್ಲಿದೆ." ಇತ್ತು ನಿಜ.

ಆದರೆ ದೇವರು ದೊಡ್ಡವನು. ಇಲಿಮನೆಯ ಮೇಡಂ ನಡೆಸುತ್ತಿರುವ ಪ್ರಯೋಗ ಏನು ಅಂತ ಕೇಳಿದೆ. ಎಳೆ ಮರಿಯ ಮಿದುಳು ಗಂಡಿನದೋ ಹೆಣ್ಣಿನದೋ ಆಗುವುದು ಹೇಗೆ ಅನ್ನುವುದೇ ಅಂತೆ! ಪುರಾವೆಯ ಗಣಿಗೇ ನನ್ನನ್ನು ವರ್ಗ ಮಾಡಿದ್ದಾರೆ. ಐದೂವರೆ ವಾರ ಇದೆ. ಸಾಕು.

ಜೂನ್ ೫, ಬುಧವಾರ

ಆರು ತಾಯಿ ಇಲಿಗಳೂ ನಿನ್ನೆ ಮೊನ್ನೆಯಲ್ಲಿ ಹೆತ್ತು ಮುಗಿಸಿವೆ. ಮರಿಗಳು ಕೂದಲಿಲ್ಲ, ಕಣ್ಣಿಲ್ಲ, ಸೀಸದಕಡ್ಡಿಯ ತುದಿಯ ರಬ್ಬರಿನ ಹಾಗೆ ಗುಲಾಬಿ ಬಣ್ಣ. ಸರ್ವೀಸಿನಲ್ಲಿ ಇಂಥ ಸರಕು ನೋಡಿರಲಿಲ್ಲ.

ಗಂಡು ಹೆಣ್ಣು ಬೇರೆ ಮಾಡಬೇಕು. ಬಾಲ ಎತ್ತಿ ಕೆಳಗಡೆ ಇರುವ ಎರಡು ಬಿಂದುಗಳ ನಡುವಿನ ಅಂತರ ನೋಡಬೇಕು. ದೂರ ಇದ್ದರೆ ಗಂಡು, ಹತ್ತಿರ ಇದ್ದರೆ ಹೆಣ್ಣು. ಕನ್ನಡಕ ಹಾಕಿದೆ, ತೆಗೆದೆ, ಭೂತಗನ್ನಡಿ ಹಿಡಿದೆ. ಅಕ್ಕಿಕಾಳಿನ ಅರ್ಧದಷ್ಟೂ ವ್ಯತ್ಯಾಸವಿಲ್ಲ.

"ಇಷ್ಟೇನಾ ಮೇಡಂ?" ಅಂದೆ.

"ಸದ್ಯಕ್ಕೆ ಇಷ್ಟೇ" ಅಂದರು.

ಮೇಡಂಗೆ ನಲವತ್ತರ ಹತ್ತಿರ ವಯಸ್ಸು. ಮೂರು ವರ್ಷದಿಂದ ಈ ಒಂದು ಊಹೆಯ ಹಿಂದೆ ಬಿದ್ದಿದ್ದಾರೆ. ಜೇಬಿನಲ್ಲಿ ಯಾವಾಗಲೂ ನಾಲ್ಕು ಪೆನ್ನು, ನಾಲ್ಕಕ್ಕೂ ಮುಚ್ಚಳ ಇಲ್ಲ. ಸ್ಟೋರ್‌ನಲ್ಲಿದ್ದಾಗ ಇಂಥವರಿಗೆ ನಾನು ಪೆನ್ನು ಕೊಡುತ್ತಿರಲಿಲ್ಲ.

ಜೂನ್ ೬, ಗುರುವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಡೈರಿಗೂ ಹೇಳುವುದೋ ಬೇಡವೋ ಅಂತ ಎರಡು ಸಲ ಮುಚ್ಚಿಟ್ಟು ತೆಗೆದೆ.

ತಾಯಿ ಇಲಿ ಮರಿಗಳ ಹಿಂಭಾಗ ನೆಕ್ಕುತ್ತದೆ. ನೆಕ್ಕದಿದ್ದರೆ ಮರಿಗೆ ಮೂತ್ರವೇ ಇಳಿಯುವುದಿಲ್ಲ. ಸರಿ, ಅದು ಅದರ ಸಂಸಾರ. ಆದರೆ ತಾಯಿ ಗಂಡುಮರಿಯನ್ನು ಹೆಚ್ಚು ನೆಕ್ಕುತ್ತದಂತೆ, ಹೆಣ್ಣುಮರಿಯನ್ನು ಕಡಿಮೆ. ವಾಸನೆಯಿಂದಲೇ ಗುರುತು ಹಿಡಿಯುತ್ತದಂತೆ. ಗಂಡುಮರಿ ಬೆಳೆದಾಗ ಹೆಚ್ಚು ಕುಸ್ತಿ ಆಡುವುದಕ್ಕೆ ಹಾರ್ಮೋನಿನ ಜೊತೆಗೆ ಈ ನೆಕ್ಕಿಸಿಕೊಂಡದ್ದೂ ಒಂದು ಕಾರಣವೇ? ಹೆಣ್ಣುಮರಿಗೂ ಅಷ್ಟೇ ಉಪಚಾರ ಸಿಕ್ಕರೆ ಅದರ ಮಿದುಳಿನ ರಸಾಯನ ಬದಲಾಗಿ ಅದೂ ಅಷ್ಟೇ ಆಡುತ್ತದೆಯೇ? ಇದು ಮೇಡಂ ಊಹೆ.

ಆ ಉಪಚಾರ ಮಾಡುವ ತಾಯಿ ಯಾರಯ್ಯಾ ಅಂದರೆ, ನಾನು.

ಚಿತ್ರ ಬರೆಯುವ ಸಣ್ಣ ಬ್ರಷ್ಷು, ಬೆಚ್ಚಗಿನ ನೀರು. ಮೂವತ್ತಾರು ಹೆಣ್ಣುಮರಿ. ಹದಿನೆಂಟಕ್ಕೆ ಬೆನ್ನ ಮೇಲೆ ಕಪ್ಪು ಚುಕ್ಕೆ, ಹದಿನೆಂಟಕ್ಕೆ ಹಸಿರು. ಕಪ್ಪು ಚುಕ್ಕೆಯದನ್ನು ಅಂಗೈಯಲ್ಲಿಟ್ಟುಕೊಂಡು ಹಿಂಭಾಗಕ್ಕೆ ಹದಿನೈದು ಸಲ ಬ್ರಷ್ ಎಳೆಯಬೇಕು, ದಿನಕ್ಕೆ ನಾಲ್ಕು ಸರ್ತಿ. ಹಸಿರು ಚುಕ್ಕೆಯದನ್ನು ಅಷ್ಟೇ ಹೊತ್ತು ಸುಮ್ಮನೆ ಹಿಡಿದು ವಾಪಸ್ ಇಡಬೇಕು. ಬ್ರಷ್ ಸೋಕಿಸುವ ಹಾಗಿಲ್ಲ. ಹೋಲಿಸುವುದಕ್ಕೆ ಅವು ಬೇಕು. ದಿನಕ್ಕೆ ಸಾವಿರದ ಎಂಬತ್ತು ಎಳೆತ. ಬ್ರಷ್ಷಿಗೆ ನೀರು ಜಾಸ್ತಿಯಾಗಿ ಮೊದಲನೆಯದಕ್ಕೆ ಸ್ನಾನವೇ ಆಯಿತು.

ಇರಲಿ. ಪುರಾವೆ ಸಿಕ್ಕಿತಲ್ಲ! ಮನೆಗೆ ಬಂದವನೇ ಹಲಗೆಯ ಮೇಲೆ ಬರೆದೆ: "ಗಂಡಿಗೂ ಹೆಣ್ಣಿಗೂ ವ್ಯತ್ಯಾಸ ಇದೆ ಅಂತ ತಾಯಿ ಇಲಿಗೇ ಗೊತ್ತು. ಗಂಡುಮರಿಗೆ ಹೆಚ್ಚು ಉಪಚಾರ ಮಾಡುತ್ತದೆ."

ಕಾಫಿ ಕುಡಿದು ಬರುವುದರೊಳಗೆ ಕೆಳಗೆ ಉತ್ತರ: "ಅದು ವ್ಯತ್ಯಾಸಕ್ಕೆ ಪುರಾವೆ ಅಲ್ಲ. ವ್ಯತ್ಯಾಸ ಮಾಡಿದ್ದಕ್ಕೆ ಪುರಾವೆ."

ಇವಳನ್ನು ಕೌಂಟರಿನಲ್ಲಿ ಕೂರಿಸಿದ್ದೇ ತಪ್ಪು. ನಾಲಿಗೆ ಹರಿತವಾಗಿಬಿಟ್ಟಿದೆ.

ಜೂನ್ ೮, ಶನಿವಾರ

ಸಿಕ್ಕಿಬಿದ್ದೆ. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಬ್ರಷ್ಷು ಸಿಕ್ಕಿತು ನನ್ನ ಹೆಂಡತಿಗೆ.

"ಏನ್ರೀ ಇದು, ಈ ವಯಸ್ಸಲ್ಲಿ ಚಿತ್ರ ಬರಿಯೋ ಹುಚ್ಚು?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಏನು ಚಿತ್ರ, ಎಲ್ಲಿ, ತೋರಿಸಿ ಅಂತ ಜಗ್ಗಾಡಿದಳು. ನಾನು ಹಾವಿನ ಮೊಟ್ಟೆ ಚಿತ್ರ ಅಂದೆ, ಯಾಕೆ ಹಾಗಂದೆನೋ ಗೊತ್ತಿಲ್ಲ. ಕೊನೆಗೆ ನಿಜ ಹೇಳಿದೆ. ಅವಳು ನಗುವುದಕ್ಕೆ ಶುರು ಮಾಡಿ, ಗೋಡೆ ಹಿಡಿದುಕೊಂಡು, ಹಾಗೇ ಜಾರಿ ನೆಲದ ಮೇಲೆ ಕೂತಳು.

"ಅಯ್ಯೋ ನನ್ ಕರ್ಮವೇ! ಸ್ವಂತ ಮಕ್ಕಳ ಕುಂಡಿ ಒಂದು ದಿನ ತೊಳೆದವರಲ್ಲ. ಈಗ ಇಲಿಮರಿಗಳದ್ದು, ಅದೂ ಬ್ರಷ್ಷಲ್ಲಿ, ಅದೂ ಎಣಿಸಿಕೊಂಡು!"

"ಇದು ವಿಜ್ಞಾನ" ಅಂದೆ.

ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು ಇನ್ನೊಂದು ಮಾತಂದಳು. "ತಾಯಿ ಇಲಿ ಬಗ್ಗೆ ಹೇಳ್ತೀರಲ್ಲ, ನೀವೇನು ಕಮ್ಮಿ? ದೊಡ್ಡವನು ಚಿಕ್ಕವನಿದ್ದಾಗ ದಿನಾ ತಲೆ ಸವರಿ ಮಲಗಿಸ್ತಿದ್ರಿ. ಗಂಡು ಹುಡುಗ, ನಾಳೆ ಮನೆ ನಡೆಸೋನು ಅಂತ. ಇವಳು ಪಕ್ಕದಲ್ಲೇ ಕಣ್ಣು ಮುಚ್ಕೊಂಡು ಕಾಯ್ತಾ ಇರ್ತಿದ್ಳು. ನೀವು ಎದ್ದು ಹೋಗಿಬಿಡ್ತಿದ್ರಿ."

"ಅವಳು ನಿದ್ದೆ ಮಾಡ್ತಿದ್ಳು."

"ಇಲ್ಲ, ಕಾಯ್ತಿದ್ಳು" ಅಂದು ಬಟ್ಟೆ ಎತ್ತಿಕೊಂಡು ಹೋದಳು.

ನಿದ್ದೆಯೇ ಮಾಡುತ್ತಿದ್ದಳು. ನನಗೆ ಚೆನ್ನಾಗಿ ನೆನಪಿದೆ. ಕಣ್ಣು ಮುಚ್ಚಿದ್ದವು.

ಅಂದ ಹಾಗೆ, ಆ ದೊಡ್ಡವನಿಗೆ ಈಗ ಇಪ್ಪತ್ತೆಂಟು. ಕನ್ನಡಕದ ಅಂಗಡಿಯಲ್ಲಿದ್ದಾನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದರೂ ಎರಡನೇ ಸ್ಟಾಪಿಗೆ ವಾಂತಿ. ಇದನ್ನು ಹಲಗೆಯ ಮೇಲೆ ಯಾರೂ ಬರೆಯದಿರಲಿ.

ಜೂನ್ ೯, ಭಾನುವಾರ

ಭಾನುವಾರವೂ ಹೋಗಬೇಕಾಯಿತು. ನಾಲ್ಕನೇ ಪಂಜರದ ತಾಯಿಯ ಹೆಸರು ಹೆಡ್‌ಮಿಸ್ಟ್ರೆಸ್. ನಾನೇ ಇಟ್ಟದ್ದು. ಹಸಿರು ಚುಕ್ಕೆಯ ಮರಿಯೊಂದನ್ನು ಸುಮ್ಮನೆ ಅಂಗೈಯಲ್ಲಿ ಹಿಡಿದುಕೊಂಡಿದ್ದೆ, ನಿಯಮದ ಪ್ರಕಾರ. ಅದು ಮೂತಿ ಎತ್ತಿ ಆ ಕಡೆ ಈ ಕಡೆ ಆಡಿಸಿತು. ಕಣ್ಣು ಇನ್ನೂ ಬಿಟ್ಟಿಲ್ಲ. ಬ್ರಷ್ಷು ನನ್ನ ಇನ್ನೊಂದು ಕೈಯಲ್ಲೇ ಇತ್ತು. ಹೊತ್ತು ಮುಗಿಯಿತು ಅಂತ ಗಡಿಯಾರ ಕೂಗಿತು. ವಾಪಸ್ ಇಟ್ಟೆ.

ಆಮೇಲೆ ಮತ್ತೆ ತೆಗೆದೆ.

ಜೂನ್ ೧೦, ಸೋಮವಾರ

ಹಸಿರು ಚುಕ್ಕೆಯವಕ್ಕೂ ಹದಿನೈದು. ಹದಿನೆಂಟಕ್ಕೂ. ನಾಲ್ಕು ಸರ್ತಿಯೂ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಖಾಲಿ ಸೌಟು ತೋರಿಸುವುದು ಯಾವ ನ್ಯಾಯ? ಬ್ರಷ್ಷೇನು ಸವೆಯುತ್ತದೆಯೇ? ನೀರಿಗೇನು ಬೆಲೆಯೇ?

ಹಾಳೆಯಲ್ಲಿ ಮಾತ್ರ "ಹಸಿರು: ಬ್ರಷ್ ಇಲ್ಲ" ಅಂತ ಎಂದಿನಂತೆ ಟಿಕ್ ಹಾಕಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪು ಟಿಕ್ ಹಾಕಿದವನಲ್ಲ. ಇದು ತಪ್ಪು ಅಲ್ಲ, ವಿವರ ಅಷ್ಟೆ.

ದಿನಕ್ಕೆ ಎರಡು ಸಾವಿರದ ನೂರ ಅರವತ್ತು. ಮಣಿಕಟ್ಟು ನೋಯುತ್ತಿದೆ. ಇಲಿ ಕಂಡರೆ ನನಗೆ ಆಗುವುದಿಲ್ಲ ಅನ್ನುವುದನ್ನು ಮತ್ತೆ ಬರೆದಿಡುತ್ತೇನೆ.

ಜೂನ್ ೧೧, ಮಂಗಳವಾರ

ಇವತ್ತು ಮೇಡಂಗೆ ನೇರವಾಗಿ ಕೇಳಿದೆ, ಗಂಡಿನ ಮಿದುಳು ಗಂಡಾಗುವುದು ಗಂಡು ಹಾರ್ಮೋನಿನಿಂದ ತಾನೇ, ಒಂದು ಸಾಲಿನಲ್ಲಿ ಬರೆದುಕೊಡಿ ಅಂತ.

"ಇಲಿಯಲ್ಲಿ ಹೇಳ್ತೀನಿ. ಹುಟ್ಟೋ ಆಸುಪಾಸಲ್ಲಿ ಗಂಡುಮರಿಯ ವೃಷಣದಿಂದ ಟೆಸ್ಟೊಸ್ಟಿರಾನ್ ಬರುತ್ತೆ. ರಕ್ತದಲ್ಲಿ ಮಿದುಳಿಗೆ ಹೋಗುತ್ತೆ."

"ಹಾಂ, ಹೇಳಿ ಹೇಳಿ" ಅಂತ ಪೆನ್ನು ತೆಗೆದೆ.

"ಮಿದುಳಲ್ಲಿ ಒಂದು ಕಿಣ್ವ ಅದನ್ನ ಈಸ್ಟ್ರೊಜೆನ್ ಮಾಡುತ್ತೆ. ಆ ಈಸ್ಟ್ರೊಜೆನ್ನೇ ಮಿದುಳನ್ನ ಗಂಡಾಗಿಸೋದು."

"ಈಸ್ಟ್ರೊಜೆನ್ ಅಂದ್ರೆ…"

"ಹೆಣ್ಣಿನ ಹಾರ್ಮೋನ್ ಅಂತೀರಲ್ಲ, ಅದೇ."

ಪೆನ್ನಿನ ಮುಚ್ಚಳ ಹಾಕಿದೆ. ತಲೆ ಚಿಟ್ಟು ಹಿಡಿಯಿತು. ಗಂಡಿನ ಮಿದುಳನ್ನು ಕಟ್ಟುವ ಮೇಸ್ತ್ರಿ ಹೆಣ್ಣಿನ ಹಾರ್ಮೋನೇ! ಹಾಗಾದರೆ ಹೆಣ್ಣುಮರಿ ಯಾಕೆ ಗಂಡಾಗುವುದಿಲ್ಲ ಅಂದೆ. ರಕ್ತದಲ್ಲಿ ಓಡಾಡುವ ಈಸ್ಟ್ರೊಜೆನ್ನನ್ನು ಒಂದು ಪ್ರೋಟೀನು ಹಿಡಿದು ನಿಲ್ಲಿಸಿಕೊಳ್ಳುತ್ತದಂತೆ, ಮಿದುಳಿಗೆ ಬಿಡುವುದಿಲ್ಲವಂತೆ. ಅದಾದ ಮೇಲೆ ಇನ್ನೊಂದು ರಾಸಾಯನಿಕ ಸೇರಿಕೊಳ್ಳುತ್ತದಂತೆ, ನಮಗೆ ಜ್ವರ ಬಂದಾಗ ಮೈ ಬಿಸಿ ಮಾಡುವಂಥದ್ದೇ.

"ಆಮೇಲೆ ಒಂದು ವಿಷಯ, ಸ್ಟೋರ್‌ನವ್ರೇ. ಇದು ಇಲಿ ಮಾತು. ಮನುಷ್ಯರ ಮಿದುಳಲ್ಲಿ ಬೇರೆ ದಾರಿ. ಇದನ್ನ ತಗೊಂಡು ಹೋಗಿ ಯಾರಿಗಾದ್ರೂ ಹೇಳ್ಬೇಡಿ."

ಯಾರಿಗೆ ಹೇಳಲಿ? ಹೇಳಿದರೆ ನಾನೇ ಸೋಲುತ್ತೇನೆ.

ಜೂನ್ ೧೩, ಗುರುವಾರ

ಬ್ರಷ್ ಕೆಲಸ ಇವತ್ತಿಗೆ ಮುಗಿಯಿತು. ಇಷ್ಟು ದಿನ ಮಾತ್ರ ಮಿದುಳಿನ ಬಾಗಿಲು ತೆರೆದಿರುತ್ತದಂತೆ. ಪೀಡೆ ತೊಲಗಿತು.

ಸಂಜೆ ಟಿವಿ ನೋಡುವಾಗ ಎಡಗೈ ತಾನಾಗಿಯೇ ಬಟ್ಟಲಿನ ಹಾಗೆ ಮಡಚಿಕೊಂಡಿತ್ತು. ಹೆಂಡತಿ ಅದರಲ್ಲಿ ಒಂದು ಹಿಡಿ ಕಡಲೆಕಾಯಿ ಹಾಕಿ ಹೋದಳು.

ಜೂನ್ ೨೬, ಬುಧವಾರ

ಎರಡು ವಾರ ಬರೆಯುವಂಥದ್ದೇನೂ ಆಗಲಿಲ್ಲ. ಮರಿಗಳಿಗೆ ಕೂದಲು ಬಂತು, ಕಣ್ಣು ಬಂತು, ನನ್ನ ತೋಳು ಹತ್ತುವ ಚಾಳಿ ಬಂತು. ಅಂಗಿಯ ಕೈಯೊಳಗೆ ಹೋಗಿ ಕುತ್ತಿಗೆಯಲ್ಲಿ ಹೊರಬರುತ್ತವೆ. ಅಧಿಕಪ್ರಸಂಗಿಗಳು. ಇವತ್ತು ತಾಯಿಯಿಂದ ಬಿಡಿಸಿ, ಚುಕ್ಕೆ ಅಳಿಸಿ, ನಂಬರ್ ಹಾಕಿದ್ದಾಯಿತು. ಯಾವ ನಂಬರು ಯಾವ ಚುಕ್ಕೆ ಅನ್ನುವುದು ಮೇಡಂ ಮುಚ್ಚಿದ ಲಕೋಟೆಯಲ್ಲಿದೆ. ಎಣಿಸುವವನಿಗೆ ಗೊತ್ತಿರಬಾರದಂತೆ.

ಮೇಡಂ ಇವತ್ತು ಇನ್ನೊಂದು ಹೇಳಿದರು. ಮಿದುಳಿನಲ್ಲಿ ಕಸ ಗುಡಿಸುವ ಕೋಶಗಳಿವೆಯಂತೆ. ಎಳೆ ಗಂಡುಮರಿಯ ಮಿದುಳಿನ ಒಂದು ಭಾಗದಲ್ಲಿ ಅವು ಹೊಸದಾಗಿ ಹುಟ್ಟಿದ ಕೆಲವು ಕೋಶಗಳನ್ನು ಹೆಚ್ಚಾಗಿ ತಿಂದು ಹಾಕುತ್ತವಂತೆ. ಅದಕ್ಕೇ ಗಂಡುಮರಿಗೆ ಆಟ ಜಾಸ್ತಿಯಂತೆ. ಇದು ಖಂಡಿತ ನನ್ನ ಪರವಾದ ಪುರಾವೆ ಅಂತ ಖುಷಿಯಲ್ಲಿ ಪೂರ್ತಿ ಯೋಚಿಸದೆ ಹಲಗೆಯ ಮೇಲೆ ಬರೆದುಬಿಟ್ಟೆ.

ಉತ್ತರ: "ಈ ಮನೆಯಲ್ಲಿ ಯಾರ ಮಿದುಳು ತಿಂದುಹೋಗಿದೆ ಅಂತ ಗೊತ್ತಾಯಿತು. ಧನ್ಯವಾದ."

ಅದರ ಕೆಳಗೆ ಮಗನ ಅಕ್ಷರ: "ನನ್ನದನ್ನು ಸೇರಿಸಬೇಡಿ."

ಜುಲೈ ೧, ಸೋಮವಾರ

ಎಣಿಕೆ ಶುರು. ಇಲಿಗಳು ಕತ್ತಲಲ್ಲಿ ಆಡುವ ಪ್ರಾಣಿ. ಅದಕ್ಕೇ ಆ ಕೋಣೆಯಲ್ಲಿ ಹಗಲಲ್ಲೇ ದೀಪ ಆರಿಸಿ, ಒಂದು ಕೆಂಪು ಬಲ್ಬು ಹಾಕಿಕೊಂಡು ಕೂರಬೇಕು. ಒಂದು ಮರಿ ಇನ್ನೊಂದರ ಕುತ್ತಿಗೆಗೆ ಹಾರಿದರೆ ಒಂದು. ಅಂಗಾತ ಕೆಡವಿದರೆ ಇನ್ನೊಂದು. ಕೈಯಲ್ಲಿ ಟಕ್ ಟಕ್ ಒತ್ತುವ ಎಣಿಕೆಯಂತ್ರ.

ಇಪ್ಪತ್ತೆರಡನೇ ನಂಬರಿನದು ಎಲ್ಲಕ್ಕಿಂತ ಸಣ್ಣ ಹೆಣ್ಣು. ಮೊದಲು ಮೂಲೆಯಲ್ಲಿ ಮುದುಡಿ ಕೂತಿತ್ತು. ಅಯ್ಯೋ ಪಾಪ ಅಂದುಕೊಂಡೆ. ಅಷ್ಟರಲ್ಲಿ ಅದರ ಅಣ್ಣ ಅನ್ನಿಸಿಕೊಂಡ ಒಂದು ಗಡವ ಬಂದು ಬೆನ್ನಿಗೆ ಹಾರಿತು. ಇದು ಸರ್ರನೆ ತಿರುಗಿ, ಹೊಟ್ಟೆಯಡಿ ನುಗ್ಗಿ, ಅವನನ್ನು ಅಂಗಾತ ಕೆಡವಿ ಮೇಲೆ ಕೂತಿತು! ಅವನು ನಾಲ್ಕು ಕಾಲು ಬಡಿದ. ಬಿಡಲಿಲ್ಲ. ಮತ್ತೆ ಎದ್ದ, ಮತ್ತೆ ಕೆಡವಿತು. ಮೂರು ಸಲ!

"ಹಾಕು ಅವನಿಗೆ! ಬಿಡಬೇಡ!"

"ಸ್ಟೋರ್‌ನವ್ರೇ" ಅಂದರು ಮೇಡಂ ಬಾಗಿಲಿನಿಂದ, "ಎಣಿಸೋವ್ರು ಪಕ್ಷ ವಹಿಸಬಾರದು."

ನಾನೆಲ್ಲಿ ಪಕ್ಷ ವಹಿಸಿದೆ? ಉತ್ಸಾಹ ಬೇರೆ, ಪಕ್ಷ ಬೇರೆ. ಮನೆಗೆ ಬಂದು ಊಟದ ಹೊತ್ತಿನಲ್ಲಿ ಇಪ್ಪತ್ತೆರಡರ ಕಥೆಯನ್ನು ಎರಡು ಚಮಚ ಇಟ್ಟುಕೊಂಡು ಅಭಿನಯಿಸಿ ತೋರಿಸಿದೆ. ಹೆಂಡತಿಗೆ, ಮಗನಿಗೆ. ಮಗಳಿಗೆ ಅಂತಲ್ಲ, ಅವಳು ಅಲ್ಲೇ ಇದ್ದಳು ಅಷ್ಟೆ. ತಟ್ಟೆ ನೋಡುತ್ತಲೇ ಇದ್ದಳು. ಆದರೆ ಭುಜ ಅಲುಗುತ್ತಿತ್ತು.

"ಹೆತ್ತವರಿಗೆ ಹೆಗ್ಗಣ ಮುದ್ದು" ಅಂದಳು ಹೆಂಡತಿ.

ಜುಲೈ ೮, ಸೋಮವಾರ

ಲಕೋಟೆ ಒಡೆದರು. ಮೇಡಂ ಒಂದೂವರೆ ಗಂಟೆ ಕಾಗದ ಮುಂದಿಟ್ಟುಕೊಂಡು ಕೂತಿದ್ದರು. ನಾಲ್ಕು ಪೆನ್ನೂ ಮೇಜಿನ ಮೇಲೆ ಸಾಲಾಗಿ ಬಿದ್ದಿದ್ದವು.

"ಹೆಣ್ಣೆಲ್ಲ ಅಣ್ಣತಮ್ಮಂದಿರಷ್ಟೇ ಆಡಿವೆ" ಅಂದರು.

"ಒಳ್ಳೇದಲ್ವಾ ಮೇಡಂ?"

"ಬ್ರಷ್ ಸೋಕಿಸದೇ ಇರೋವೂ ಅಷ್ಟೇ ಆಡಿವೆ. ಕಪ್ಪು, ಹಸಿರು, ಕೂದಲೆಳೆ ವ್ಯತ್ಯಾಸ ಇಲ್ಲ. ಅಂದ್ರೆ ಬ್ರಷ್‌ನಿಂದ ಏನೂ ಆಗಿಲ್ಲ. ನನ್ನ ಊಹೆನೇ ತಪ್ಪು. ಬೆಟ್ಟ ಅಗೆದು ಇಲಿ ಹಿಡಿದೆ ಅಂತಾರಲ್ಲ, ನಾನು ಮೂರು ವರ್ಷ ಇಲಿ ಹಿಡ್ಕೊಂಡು ಬೆಟ್ಟ ಹುಡುಕ್ತಾ ಇದ್ದೆ." ನಗಲು ನೋಡಿದರು, ಆಗಲಿಲ್ಲ. "ಶುಕ್ರವಾರ ಸಮಿತಿಗೆ ಬರೆದು ಕೊಟ್ಟುಬಿಡ್ತೀನಿ. ಈ ಕೆಲಸ ಇಲ್ಲಿಗೆ ನಿಲ್ಲಿಸ್ತೀನಿ."

ಪಂಜರದ ನೀರಿನ ಸೀಸೆಗಳನ್ನೆಲ್ಲ ಎರಡೆರಡು ಸಲ ತೊಳೆದೆ. ಇಪ್ಪತ್ತೆರಡರ ಚುಕ್ಕೆ ಯಾವುದಿತ್ತು ಅಂತ ಲಕೋಟೆಯ ಹಾಳೆಯಲ್ಲಿ ಕದ್ದು ನೋಡಿದೆ. ಹಸಿರು.

ಹೇಳಿದರೆ ಸುಳ್ಳು ಟಿಕ್ ಹಾಕಿದವನು ಅಂತ ಆಗುತ್ತದೆ. ಇಪ್ಪತ್ತಾರು ವರ್ಷದ ಹೆಸರು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲಿಗಳು ಹೇಳುವುದಿಲ್ಲ.

ಜುಲೈ ೯, ಮಂಗಳವಾರ

ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ಈ ಸಲ ಅವಳು ನಗಲಿಲ್ಲ. "ಯಾಕ್ ಹಂಗೆ ಮಾಡಿದ್ರಿ?" ಅಂತಲೂ ಕೇಳಲಿಲ್ಲ. "ಹೋಗಿ ಹೇಳಿ. ಮಾಡಿದ್ದುಣ್ಣೋ ಮಾರಾಯ" ಅಂದು ಊಟದ ಡಬ್ಬಿಯಲ್ಲಿ ಎಂದಿಗಿಂತ ಎರಡು ತುತ್ತು ಹೆಚ್ಚು ಹಾಕಿದಳು.

ಹೋಗಿ ಮೇಡಂ ಮೇಜಿನ ಮುಂದೆ ನಿಂತೆ.

"ಮೇಡಂ, ಹಸಿರು ಚುಕ್ಕೆಯವಕ್ಕೂ ಹದಿನೈದು."

"ಏನು ಹದಿನೈದು?"

"ಬ್ರಷ್ಷು. ಜೂನ್ ಒಂಬತ್ತಕ್ಕೆ ಒಂದಕ್ಕೆ, ಹತ್ತರಿಂದ ಎಲ್ಲಕ್ಕೂ. ಟಿಕ್ ಹಾಕಿದ್ದೆಲ್ಲ ಸುಳ್ಳು."

ಮೇಡಂ ಎದ್ದು ನಿಂತರು. ಮತ್ತೆ ಕೂತರು. "ಯಾಕೆ?"

"ಕಾಯ್ತಾ ಇದ್ವು ಮೇಡಂ."

"ಕಣ್ಣೇ ಬಿಟ್ಟಿರಲಿಲ್ವಲ್ರೀ!"

"ಕಣ್ಣು ಮುಚ್ಕೊಂಡು ಕಾಯ್ತಾ ಇದ್ವು."

ಆಮೇಲೆ ಬೈದರು. ಬೈದರು ಅಂದರೆ ಸುಮ್ಮನೆ ಬೈದದ್ದಲ್ಲ. ಮೂರು ವರ್ಷ, ರಜೆ, ನಿದ್ದೆ, ತಮ್ಮ ಸ್ವಂತ ತಂಗಿಯ ಮದುವೆಯಲ್ಲಿ ಎರಡು ಗಂಟೆಯಷ್ಟೇ ಇದ್ದು ಬಂದದ್ದು, ಎಲ್ಲ ಬಂತು. ಹೋಲಿಸುವ ಗುಂಪು ಇಲ್ಲದ ಪ್ರಯೋಗ ತಳ ಇಲ್ಲದ ಬಿಂದಿಗೆ ಅಂದರು. ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಬೈಗುಳದ ಮಧ್ಯದಲ್ಲಿ, ಒಂದು ವಾಕ್ಯದ ಅರ್ಧಕ್ಕೆ, ಗಪ್ಪಂತ ನಿಲ್ಲಿಸಿದರು.

"ಇರಿ. ಎಲ್ಲಕ್ಕೂ ಅಂದ್ರಾ? ಮೂವತ್ತಾರಕ್ಕೂ?"

"ಹೌದು ಮೇಡಂ. ಯಾವುದಕ್ಕೂ ಕಮ್ಮಿ ಮಾಡಿಲ್ಲ."

ಕಪಾಟಿನಿಂದ ಹೋದ ವರ್ಷದ ಪುಸ್ತಕ ಎಳೆದು ತೆಗೆದರು. ಅದರಲ್ಲಿ ಯಾರೂ ಬ್ರಷ್ ಮುಟ್ಟಿಸದ ಹೆಣ್ಣುಮರಿಗಳ ಎಣಿಕೆ ಇದೆಯಂತೆ. ಬೆರಳಿಟ್ಟು ಓದಿದರು. ನಮ್ಮ ಮೂವತ್ತಾರು ಅವುಗಳಿಗಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಡಿವೆ.

"ಇದನ್ನ ಎಲ್ಲೂ ಬರೆಯೋ ಹಾಗಿಲ್ಲ" ಅಂದರು, ತಮಗೆ ತಾವೇ. "ವರ್ಷ ಬೇರೆ, ಎಣಿಸಿದವರು ಬೇರೆ. ಪುರಾವೆ ಅಲ್ಲ ಇದು. ಆದ್ರೆ ನಿಲ್ಲಿಸೋ ಹಾಗೂ ಇಲ್ಲ." ಹೊಸ ಹಾಳೆ ತೆಗೆದರು. ಪೆನ್ನು ಬರೆಯಲಿಲ್ಲ, ನಾಲ್ಕೂ ಒಣಗಿದ್ದವು. ನನ್ನದನ್ನು ಕೊಟ್ಟೆ, ಮುಚ್ಚಳದ ಸಮೇತ.

"ಆಗಸ್ಟಿಂದ ಮತ್ತೆ ಮೊದಲಿಂದ. ನೀವು ನಡೆದದ್ದೆಲ್ಲ ಬರೆದು ಸಹಿ ಹಾಕಿ ಕೊಡ್ಬೇಕು."

"ಆಯ್ತು ಮೇಡಂ. ನಾನು ಸ್ಟೋರ್‌ಗೆ ವಾಪಸ್…"

"ಎಲ್ಲಿಗ್ರೀ ಹೋಗ್ತೀರಾ? ಕಪ್ಪು ಚುಕ್ಕೆಗೆ ನೀವೇ. ಹಸಿರು ಚುಕ್ಕೆಗೆ ಬೇರೆಯವರು. ಆ ಹೊತ್ತಲ್ಲಿ ನೀವು ಹೊರಗೆ ಬೆಂಚಿನ ಮೇಲೆ ಕೂತಿರ್ಬೇಕು. ಬಾಗಿಲಿಗೆ ಚಿಲಕ ಹಾಕ್ತೀನಿ."

ಹಸಿರಿನವಕ್ಕೆ ಹುಟ್ಟಿದ ಹತ್ತನೇ ದಿನದ ಮೇಲಾದರೂ ಕೊಡಬಹುದೇ ಅಂತ ಕೇಳಿದೆ. ಹೊರಗೆ ಹೋಗಿ ಅಂದರು.

ಜುಲೈ ೧೧, ಗುರುವಾರ

ಹಲಗೆ ಪೂರ್ತಿ ಒರೆಸಿ ಬರೆದೆ: "ಪುರಾವೆ ಸಿಗಲಿಲ್ಲ. ನಾಳೆ ಎಷ್ಟು ಗಂಟೆಗೆ?"

ಬಚ್ಚಲಿಗೆ ಹೋಗಿ ಬಂದೆ. ಏನೂ ಇಲ್ಲ. ಗಡ್ಡ ಬೋಳಿಸಿ ಬಂದೆ. ಇಲ್ಲ. ಮಲಗುವ ಮುಂಚೆ ನೀರು ಕುಡಿಯುವ ನೆಪದಲ್ಲಿ ಹೋದೆ.

"ಏಳೂವರೆ. ಬಸ್ಸು ಯಾರಿಗೂ ಕಾಯುವುದಿಲ್ಲ."

ಜುಲೈ ೧೨, ಶುಕ್ರವಾರ

ಏಳಕ್ಕೇ ಹೋಗಿ ನಿಂತಿದ್ದೆವು. ನಾನು, ಹೆಂಡತಿ, ಮಗ. ಮಗ ಆಟೋದಲ್ಲಿ ಬಂದದ್ದಕ್ಕೇ ನಿಂಬೆಹಣ್ಣು ಮೂಸುತ್ತಿದ್ದ. ಮೈದಾನದಲ್ಲಿ ಹಳೆಯ ಬಸ್ಸೊಂದು, ಸುಣ್ಣದ ಗೆರೆ, ಎರಡು ಸಾಲು ಕಂಬ. ಆ ಕಂಬಗಳ ನಡುವೆ ಬಸ್ಸನ್ನು ಹಿಂದೆ ಹಿಂದೆ ಬಿಟ್ಟು ನಿಲ್ಲಿಸಬೇಕು. ಆಮೇಲೆ ದಿಬ್ಬದ ಮೇಲೆ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಎತ್ತಬೇಕು. ಪಕ್ಕದಲ್ಲಿ ಇನ್ಸ್‌ಪೆಕ್ಟರ್, ಮುಖದಲ್ಲಿ ನಗುವಿನ ಕುರುಹೂ ಇಲ್ಲ.

ಇವಳಿಗಿಂತ ಮುಂಚೆ ಒಬ್ಬ ದಪ್ಪ ಮೀಸೆಯವನು ಹೋದ. ಮೂರು ಕಂಬ ಉರುಳಿಸಿದ. ನಾಲ್ಕನೆಯದು ತಾನಾಗಿಯೇ ಬಿತ್ತು, ಹೆದರಿ ಇರಬೇಕು. ಕಂಬಕ್ಕೂ ಮಿದುಳಿಗೂ ಏನು ಸಂಬಂಧವೋ ನಾನು ಹೇಳಲಾರೆ. ನನಗೆ ಸೈನ್ಸು ಅಷ್ಟಾಗಿ ಬರುವುದಿಲ್ಲ.

ಇವಳು ಹತ್ತಿದಳು. ಅಷ್ಟು ದೊಡ್ಡ ಗಾಜಿನ ಹಿಂದೆ ಇಷ್ಟೇ ಇಷ್ಟು ಮುಖ. ಬಸ್ಸು ಗುಡುಗಿ ಹಿಂದಕ್ಕೆ ಹೊರಟಿತು. ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಒಂದು ಗೇಣು ಮುಂದೆ ಬಂದಳು, ಮತ್ತೆ ತಿರುಗಿಸಿದಳು. ಕಂಬಗಳು ನಿಂತೇ ಇದ್ದವು. ದಿಬ್ಬದ ಮೇಲೆ ಒಂದು ಕ್ಷಣ ಬಸ್ಸು ಉಸಿರು ಹಿಡಿದು ನಿಂತಿತು.

"ಬಿಡಬೇಡ! ಹಾಕು ಅವನಿಗೆ!" ಅಂತ ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಹೆಂಡತಿ ಹೇಳುತ್ತಾಳೆ.

ಬಸ್ಸು ಹತ್ತಿತು. ಇನ್ಸ್‌ಪೆಕ್ಟರ್ ಇಳಿದು ಕಾಗದದ ಮೇಲೆ ಪಾಸ್ ಅಂತ ಬರೆದು ಸಹಿ ಹಾಕಿದ. ಅವಳು ಇಳಿದು ಬಂದು ನನ್ನ ಮುಂದೆ ನಿಂತಳು. ಬೆವರು, ಕೈಯೆಲ್ಲ ಗ್ರೀಸು. ಅವಳ ತಲೆಯ ಮೇಲೆ ಕೈಯಿಟ್ಟು ಸವರಿದೆ. ಅವಳು ಕಣ್ಣು ಮುಚ್ಚಿದಳು. ನಿಲ್ಲಿಸಲಿಲ್ಲ ನಾನು.

"ಅಪ್ಪ" ಅಂದಳು ಕಣ್ಣು ಮುಚ್ಚಿಕೊಂಡೇ. ನಲವತ್ತೆಂಟು ದಿನದ ಮೇಲೆ. "ತಲೇಲಿ ಹೇನು ಹುಡುಕ್ತಾ ಇದ್ದೀಯಾ?"

"ಸುಮ್ನಿರು. ಲೆಕ್ಕ ತಪ್ಪುತ್ತೆ."

"ಎಣಿಸ್ತಾ ಇದ್ದೀಯಾ?!"

"ಹನ್ನೊಂದು ಆಯ್ತು. ಇನ್ನು ನಾಲ್ಕಿದೆ."

ಹೆಂಡತಿ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಹದಿನೈದು ಮುಗಿಯುವ ಹೊತ್ತಿಗೆ ಮಗನೂ ನಿಂಬೆಹಣ್ಣು ಜೇಬಿಗೆ ಹಾಕಿ ಪಕ್ಕಕ್ಕೆ ಬಂದು ತಲೆ ಬಗ್ಗಿಸಿ ನಿಂತ.

"ನಿನಗೆ ಚಿಕ್ಕಂದಿನಲ್ಲೇ ಆಗಿದೆ, ನಡಿ" ಅಂದೆ.